ಕೆಳಗೆ ಮೇಲೆ ಕೆಳಗೆ

ಮುಂದಿನ ಸಾಲಿನಲ್ಲಿ ಕೂತಿರುವ ಪುಣೆಯ ಮೇಡಂ ಕಾಲಿನಲ್ಲಿ ತಾಳ ಹಾಕುತ್ತಿದ್ದಾರೆ, ಹಿಮ್ಮಡಿ ನೆಲದ ಮೇಲೇ ಇದೆ, ಚಪ್ಪಲಿಯ ತುದಿ ಮಾತ್ರ ಏಳುತ್ತದೆ ಬೀಳುತ್ತದೆ, ಆರು ಮಾತ್ರೆಗೆ ಎರಡು ಸಲ, ಒಂದಕ್ಕೊಮ್ಮೆ ನಾಲ್ಕಕ್ಕೊಮ್ಮೆ, ಅಂದರೆ ಇವರಿಗೆ ಜಿಗ್ ಎಂಬ ಐರಿಶ್ ಕುಣಿತದ ಧಾಟಿ ಗೊತ್ತು, ಗೊತ್ತಿರಲೇಬೇಕಲ್ಲ, ಐರ್ಲೆಂಡಿನ ಜಾನಪದ ಮೇಳಕ್ಕೆ ಈ ಕಡೆಯಿಂದ ಒಂದು ತಂಡ ಆರಿಸಬೇಕೆಂದೇ ಚಿಕ್ಕೋಡಿಯ ಈ ಸಭಾಂಗಣದ ತನಕ ಬಂದವರು — ನಾಜಿಮಾ ಆ ಚಪ್ಪಲಿಯ ಮೇಲೇ ಕಣ್ಣಿಟ್ಟಳು, ಬಲಗೈ ತನ್ನ ಪಾಡಿಗೆ ಗಿಟಾರಿನ ತಂತಿ ಮೀಟುತ್ತಿತ್ತು, ಕೆಳಗೆ ಮೇಲೆ ಕೆಳಗೆ, ಕೆಳಗೆ ಮೇಲೆ ಕೆಳಗೆ, ಆಚೆ ತುದಿಯಲ್ಲಿ ಮಹಾದೇವ ಹಲಗಿ ಹಿಡಿದು ಅವಳ ಕೈಯನ್ನೇ ನೋಡುತ್ತ ಪೆಟ್ಟು ಹಾಕುತ್ತಿದ್ದಾನೆ, ನಡುವೆ ಭರತ, ಗದ್ದದ ಕೆಳಗೆ ಪಿಟೀಲು, ಕಣ್ಣು ಮುಚ್ಚಿಕೊಂಡಿದ್ದಾನೆ, ಮುಚ್ಚಿಕೊಳ್ಳಲಿ, ಇದಿನ್ನೂ ಮೊದಲನೆಯ ಸುತ್ತು, ಒಂದು ಧಾಟಿಯನ್ನು ಮೂರು ಸುತ್ತು ನುಡಿಸುವುದು ಈ ತಂಡದ ಪದ್ಧತಿ, ಮೊದಲನೆಯದರಲ್ಲಿ ಅವನಿಗೆ ಬೇಕಾದ ಹಾಗೆಯೇ ನುಡಿಸುತ್ತಾಳೆ, ಮೆತ್ತನೆ ಹಾಸಿಗೆ ಹಾಸಿಕೊಟ್ಟ ಹಾಗೆ, ಎರಡನೆಯದರಲ್ಲಿ ಹಾಸಿಗೆಯನ್ನು ತುಸುವೇ ಜಗ್ಗುತ್ತಾಳೆ, ಮೂರನೆಯದರಲ್ಲಿ — ಮೂರನೆಯ ಸುತ್ತಿಗಾಗಿಯೇ ಅವಳು ನಿಪ್ಪಾಣಿಯಿಂದ ಬಸ್ಸು ಹತ್ತಿ ಬಂದದ್ದು.

ನಾಜಿಮಾ, ನೀನಽ ಗತಿ ಈಗ, ಅಂದಿದ್ದ ಭರತ, ಮೂರು ದಿನದ ಹಿಂದೆ, ಅವಳ ಮನೆಯ ಹೊಸ್ತಿಲಾಚೆ ಬೂಟು ಬಿಚ್ಚದೆ ನಿಂತು, ಅವನ ಗಿಟಾರಿನ ಸಂಜಯ ರಾಯಬಾಗದ ಹತ್ತಿರ ಬೈಕಿನಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದನಂತೆ, ಬ್ಯಾರೆ ಯಾರಿಗೂ ಈ ಜಿಗ್ ಬರಂಗಿಲ್ಲ, ನಿನಗ ಬರತೈತಂತ ಮಹಾದೇವ ಹೇಳ್ಯಾನ, ಬರ್ತಿ ಏನ. ಮೊರದ ಮುಂದೆ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದ ಅಮ್ಮಿ ಸರ್ವರಬಿ ಕತ್ತರಿ ನಿಲ್ಲಿಸಿ ಮಗಳ ಮುಖ ನೋಡಿದಳು, ಬ್ಯಾಡ ಅನ್ನು ಅನ್ನುವ ನೋಟ, ನಾಜಿಮಾ ಮಾತ್ರ ಬರ್ತೀನ್ರಿ ಭರತದಾದಾ ಅಂದುಬಿಟ್ಟಳು, ಎಷ್ಟು ಸಲೀಸಾಗಿ ಬಂತು ಆ ಮಾತು, ಎರಡು ವರ್ಷ ನಾಲಿಗೆಯ ಕೆಳಗೇ ಇಟ್ಟುಕೊಂಡಿದ್ದಳಲ್ಲ. ಎರಡು ವರ್ಷದ ಹಿಂದೆ ಇದೇ ಭರತ ಹಡಗಿನ ಕೆಲಸ ಬಿಟ್ಟು ಊರಿಗೆ ಬಂದಿದ್ದ, ಶೇಡಬಾಳದ ದ್ರಾಕ್ಷಿ ತೋಟದವರ ಮಗ, ದೊಡ್ಡ ಪ್ರವಾಸಿ ಹಡಗಿನಲ್ಲಿ ನಾಲ್ಕು ವರ್ಷ ಪಿಟೀಲು ನುಡಿಸಿ ಅಲ್ಲಿದ್ದ ಐರಿಶ್ ವಾದ್ಯಗಾರರಿಂದ ಈ ಧಾಟಿಗಳನ್ನು ಕಲಿತು ಬಂದವನು, ನಮ್ಮ ಭಾಗದಾಗ ಯಾರೂ ಮಾಡದ್ದು ಮಾಡೋಣು ಅಂದ, ಅವಳನ್ನೂ ಕರೆದ, ಒಣದ್ರಾಕ್ಷಿಯ ಶೆಡ್ಡಿನಲ್ಲಿ ತಾಲೀಮು, ಸಿಹಿ ವಾಸನೆ, ಜೇನುನೊಣ, ಇನ್ನೊಮ್ಮೆ ಬಾರಿಸು ನಾಜಿಮಾ, ಇನ್ನೊಮ್ಮೆ, ಇನ್ನೂ ಒಮ್ಮೆ, ಕಲಿಸುತ್ತಿದ್ದಾನೆ ಅಂದುಕೊಂಡು ಬಾರಿಸಿದಳು, ತಪ್ಪಿದಳು, ಮತ್ತೆ ಬಾರಿಸಿದಳು, ಕ್ರೇಟಿಗೆ ಒರಗಿಸಿಟ್ಟ ಅವನ ಮೊಬೈಲು ಅಷ್ಟನ್ನೂ ವಿಡಿಯೋ ತೆಗೆಯುತ್ತಿತ್ತು. ಮಾರನೆಯ ದಿನ ಊರಿನವರ ಮೊಬೈಲಿನಲ್ಲೆಲ್ಲ ಅವಳ ಕೈ, ಒಂದು ಸಲ ಅವಳ ಕೈ, ಒಂದು ಸಲ ಕುಂಟುವ ಮೇಕೆ, ಮತ್ತೆ ಅವಳ ಕೈ, ಮೇಲೆ ಹೆಸರು ಬೇರೆ, ಬೀಡಿ ಜಿಗ್ — ತನ್ನ ತಾಯಿ ಬೀಡಿ ಕಟ್ಟುತ್ತಾಳೆಂದು ಅವನಿಗೆ ಹೇಳಿದವಳೂ ತಾನೇ, ಚಹಾ ಕುಡಿಯುತ್ತ, ನಂಬಿ. ನಲವತ್ತು ಸಾವಿರ ಮಂದಿ ನೋಡಿದರು, ಕೇಳಲಿಕ್ಕೆ ಹೋದರೆ ನಗಿಚಾಷ್ಟಿಗಿ ಹಾಕೀನಿ ಮಾರಾಯ್ತಿ, ಇಷ್ಟ್ಯಾಕ ಮನಸಿಗಿ ಹಚ್ಕೋತಿ ಅಂದ, ಮುಂದಿನ ವಾರ ಅವಳ ಕುರ್ಚಿಯಲ್ಲಿ ಸಂಜಯ ಕೂತಿದ್ದ.

ತನ್ನೊಬ್ಬಳದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳು, ಮೇಕೆ ಮೇಕೆ ಎಂದು ಓಣಿಯಲ್ಲಿ ಕೂಗಿದ್ದನ್ನೂ ನುಂಗಿಕೊಂಡಳಲ್ಲ, ಆದರೆ ಮಾಮೂ — ಅಮ್ಮಿಯ ಅಣ್ಣ ಹುಸೇನಮಿಯಾ, ಅಥಣಿಯಿಂದ ಭೋಜದ ತನಕ ಮೂವತ್ತು ವರ್ಷ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸಿದವನು, ಹನ್ನೊಂದನೆಯ ವಯಸ್ಸಿಗೆ ಅವಳ ಬೆರಳು ಹಿಡಿದು ತಂತಿಯ ಮೇಲೆ ಇಟ್ಟವನು, ಅವನಿಗೆ ಚಹಾದಂಗಡಿಯಲ್ಲಿ ಯಾರೋ ತೋರಿಸಿದರಂತೆ, ನೋಡ್ರಿ ಮಾಮೂ, ನಿಮ್ಮ ಶಿಷ್ಯಾ. ಎರಡು ಸಲ ನೋಡಿದನಂತೆ, ಮನೆಗೆ ಬಂದು ಗಿಟಾರಿಗೆ ಹಳೆಯ ಚಾದರ ಸುತ್ತಿ ಗೂಟಕ್ಕೆ ತೂಗುಹಾಕಿದ, ತಪ್ಪ ನಿಂದಲ್ಲ ಬೇಟಿ, ನಾ ದಾದ್ರಾ ತಾಳ ಕಲಿಸೀನಿ, ಅವರಿಗಿ ಬ್ಯಾರೆ ಏನೋ ಬೇಕಾಗೈತಿ, ನನ್ನ ಕೈನಽ ತಪ್ಪ ಇರಬೇಕು. ಆಮೇಲೆ ಮುಟ್ಟಲೇ ಇಲ್ಲ. ಹನ್ನೊಂದು ತಿಂಗಳಿಗೆ ಆಸ್ಪತ್ರೆಯಲ್ಲಿ ಅವನ ಎಡಗೈ ಹಿಡಿದು ಕೂತಾಗ ತಿಳಿಯಿತು ಅವಳಿಗೆ, ಬೆರಳ ತುದಿಯ ಜಡ್ಡು ಕರಗಿಹೋಗಿತ್ತು, ಮೂವತ್ತು ವರ್ಷ ತಂತಿ ಕೊರೆದು ಗಟ್ಟಿಯಾದ ಬೆರಳು ಎಳೆಗೂಸಿನ ಬೆರಳಿನಷ್ಟು ಮೆತ್ತಗೆ, ಅಂದೇ, ಆ ಮಂಚದ ಪಕ್ಕದಲ್ಲೇ, ಭರತನ ಹೆಸರು ಅವಳೊಳಗೆ ತಾಳ ಹಿಡಿದದ್ದು. ಮಾಮೂ ತೀರಿಕೊಂಡ ನಲವತ್ತನೆಯ ದಿನದ ಫಾತಿಹಾ ಮುಗಿದ ಮಧ್ಯಾಹ್ನ ಗೂಟದಿಂದ ಗಿಟಾರು ಇಳಿಸಿದಳು. ಮೊಬೈಲಿನಲ್ಲಿ ಐರ್ಲೆಂಡಿನ ಮುದುಕನೊಬ್ಬ ಅಡುಗೆಮನೆಯಲ್ಲಿ ಕೂತು ಕಲಿಸುತ್ತಿದ್ದ, ಮಾತು ಅರ್ಧ ತಿಳಿಯುತ್ತಿತ್ತು, ಕೈ ಪೂರ್ತಿ ತಿಳಿಯುತ್ತಿತ್ತು, ಆಗ ಕಂಡಿತು ತಪ್ಪು ಎಲ್ಲಿದೆ ಎಂದು, ಅವಳು ಕೆಳಗೆ ಮೇಲೆ ಕೆಳಗೆ ಮೇಲೆ ಎಂದು ಸುಮ್ಮನೆ ಬೀಸುತ್ತಿದ್ದಳು, ನಾಲ್ಕನೆಯ ಮಾತ್ರೆ ಮೇಲ್ಮುಖದ ಪೆಟ್ಟಿಗೆ ಸಿಕ್ಕು ಸೊರಗುತ್ತಿತ್ತು, ಅದೇ ಕುಂಟು, ಜಿಗ್ಗಿನಲ್ಲಿ ಮೂರನೆಯದೂ ಕೆಳಗೆ, ನಾಲ್ಕನೆಯದೂ ಕೆಳಗೆ, ನಡುವಿನ ಚೂರು ಹೊತ್ತಿನಲ್ಲಿ ಕೈ ತಂತಿ ಮುಟ್ಟದೆ ಬರಿದೇ ಮೇಲೆ ಬರಬೇಕು, ಇಷ್ಟೇ, ಎರಡೇ ನಿಮಿಷದಲ್ಲಿ ಹೇಳಿಕೊಡಬಹುದಾದ ಮಾತು, ಭರತನಿಗೆ ಗೊತ್ತಿತ್ತು, ಹೇಳಲಿಲ್ಲ, ಇನ್ನೊಮ್ಮೆ ಅಂದ. ಅಮ್ಮಿ ಎಲೆ ಸುತ್ತುವಳು, ಇವಳು ಎದುರಿಗೆ ಕೂತು ಮೂರು ಅಕ್ಷರಕ್ಕೆ ಮೂರು ಪೆಟ್ಟು, ಭ-ರ-ತಾ ಭ-ರ-ತಾ, ಕೆಳಗೆ ಭ, ಮೇಲೆ ರ, ಕೆಳಗೆ ತಾ, ಮತ್ತೆ ಕೆಳಗೆ ಭ, ಎಲ್ಲಕ್ಕಿಂತ ಜೋರು ಭ, ಮೊಬೈಲಿನ ತಾಳದ ಟಕಟಕ ನಿಮಿಷಕ್ಕೆ ನೂರಕ್ಕೆ ಇಟ್ಟು, ನೂರಾ ಹತ್ತು, ನೂರಾ ಇಪ್ಪತ್ತು, ಮುಂಗೈ ಊದಿತು, ಸಾಸಿವೆ ಎಣ್ಣೆ ತಿಕ್ಕಿದ ಅಮ್ಮಿ ಯಾರ ಮ್ಯಾಗ ಈ ಸಿಟ್ಟು ಬೇಟಿ ಎಂದು ಒಂದು ಸಲವೂ ಕೇಳಲಿಲ್ಲ, ನೂರಾ ನಲವತ್ತಕ್ಕೆ ಏಳು ತಿಂಗಳು ಹಿಡಿಯಿತು, ಅಷ್ಟರಲ್ಲಿ ಭರತನ ವಿಡಿಯೋಗಳನ್ನೆಲ್ಲ ಹಾಕಿ ಕೇಳಿದ್ದಳು, ಅವನು ನೂರಾ ಇಪ್ಪತ್ತೈದು ದಾಟುವುದಿಲ್ಲ, ದಾಟಿದರೆ ಕಿರುಬೆರಳು ಹಿಂದೆ ಬೀಳುತ್ತದೆ.

ಎರಡನೆಯ ಸುತ್ತು ಬಂತು, ಜಗ್ಗಿದಳು, ತುಸುವೇ, ಭರತ ಕಣ್ಣು ಬಿಟ್ಟ, ತಂತಿಗಳ ಮೇಲೆ ಅವಳ ಕೈ ಇನ್ನಷ್ಟು ಹಗುರಾಯಿತು, ತೊಳೆದ ಕೈಯಿಂದ ನೀರು ಕೊಡವಿದ ಹಾಗೆ, ಕೆಳಗೆ ಮೇಲೆ ಕೆಳಗೆ, ಮಹಾದೇವನ ಹಲಗಿ ಅವಳ ಹಿಂದೆಯೇ ಬಂತು, ಹಲಗಿ ಗಟ್ಟಿ ಇದ್ದವರ ಕಡೆಗೇ ಬರುತ್ತದೆ, ಸಭೆಯಲ್ಲಿ ಯಾರೋ ಚಪ್ಪಾಳೆಗೆ ಶುರುಮಾಡಿದರು, ಚಪ್ಪಾಳೆಯೂ ಅವಳದೇ ಈಗ, ನಾಜಿಮಾ ತಡಿ ಎಂದು ಅವನ ತುಟಿ ಅಂದಿತೋ ಇಲ್ಲವೋ, ಅವಳು ಅತ್ತ ನೋಡಲಿಲ್ಲ, ಈ ತಂಡ ಆಯ್ಕೆಯಾದರೆ ತಾನೂ ವಿಮಾನ ಹತ್ತುತ್ತಿದ್ದಳು, ಆ ಮುದುಕನ ದೇಶ, ಹಸಿರು, ಚಳಿ, ಎಂದು ಒಂದು ಗಳಿಗೆ ಹೊಳೆಯಿತು, ಹೊಳೆದದ್ದನ್ನು ಭ ಎಂಬ ಪೆಟ್ಟಿನ ಕೆಳಗೆ ಹಾಕಿದಳು, ಹೋಗಲಿ ಅದೂ. ಮೂರನೆಯ ಸುತ್ತು. ಬಿಟ್ಟಳು. ನೂರಾ ಮೂವತ್ತು, ನೂರಾ ಮೂವತ್ತೈದು, ಅವನ ಪಿಟೀಲಿನ ಕಮಾನು ಗರಗಸದ ಹಾಗೆ ಓಡುತ್ತಿದೆ, ಕುತ್ತಿಗೆಯ ನರ ಎದ್ದಿದೆ, ಕಿರುಬೆರಳು ತಡವಾಯಿತು, ಒಂದು ಸ್ವರ ನುಂಗಿದ, ಎರಡು ನುಂಗಿದ, ನುಂಗು ದಾದಾ, ಎಲ್ಲರೂ ನೋಡುತ್ತಿದ್ದಾರೆ, ಇನ್ನೊಮ್ಮೆ ಬಾರಿಸು, ಇನ್ನೂ ಒಮ್ಮೆ, ಕೆಳಗೆ ಮೇಲೆ ಕೆಳಗೆ, ಧಾಟಿ ಅವನ ಕೈಯಿಂದ ಜಾರಿ ಕಿರ್ರೆಂದು ಕಿರುಚಿತು, ಕಮಾನು ತಂತಿಯಿಂದ ಎದ್ದು ಗಾಳಿಯಲ್ಲಿ ನಿಂತಿತು, ಅದರಿಂದ ಕಿತ್ತ ಬಿಳಿಯ ಕೂದಲೆಳೆಯೊಂದು ಕೆಳಗೆ ಇಳಿಬಿದ್ದಿತ್ತು. ಅವಳ ಗಿಟಾರು ಇನ್ನೂ ಎರಡು ಆವರ್ತನ ಒಂಟಿಯಾಗಿ ಓಡಿ ನಿಂತಿತು. ಚಪ್ಪಾಳೆ ಚದುರಿತು. ಈಗ ಇವನು ತನ್ನ ಕಡೆ ಬೆರಳು ತೋರಿಸುತ್ತಾನೆ, ಕೂಗಾಡುತ್ತಾನೆ ಅಂದುಕೊಂಡಳು, ಆಗ ಹೇಳುವುದೆಲ್ಲ ಸಿದ್ಧವಿತ್ತು, ಮಾಮೂನ ಹೆಸರು ಹಿಡಿದು, ಇದೇ ಮೈಕಿನಲ್ಲಿ. ಭರತ ಮೈಕಿಗೆ ಬಾಗಿದ, ಉಸಿರು ಸೇದಿದ, ತಪ್ಪ ನಂದ್ರಿ, ಗಿಟಾರ ಸರಿ ಐತಿ, ನನಗ ಹಿಡೀಲಿಕ್ಕೆ ಆಗಲಿಲ್ಲ, ಅಂದ. ಪುಣೆಯ ಮೇಡಂ ಕಾಗದದ ಮೇಲೆ ಏನೋ ಬರೆದರು, ಚಿಕ್ಕದಾಗಿ ಬರೆದರು, ಪೆನ್ನಿಗೆ ಮುಚ್ಚಳ ಹಾಕಿದರು.

ವೇದಿಕೆಯ ಹಿಂದೆ, ನೀರಿನ ಕ್ಯಾನುಗಳ ನಡುವೆ, ಅವನು ಪಿಟೀಲನ್ನು ಪೆಟ್ಟಿಗೆಗೆ ಇಡುತ್ತಿದ್ದಾಗ ಅವಳೇ ಹೋಗಿ ನಿಂತಳು, ಬೇಕಂತ ಮಾಡೀನಿ, ಅಂದಳು, ಗೊತ್ತಾಗಲಿ ಎಂದು. ಗೊತ್ತೈತಿ, ಎರಡನೇ ಸುತ್ತಿನ್ಯಾಗಽ ಗೊತ್ತಾತು, ಅಂದ, ತಲೆ ಎತ್ತಲಿಲ್ಲ. ಮತ್ಯಾಕ ನಿಲ್ಲಿಸಲಿಲ್ಲ, ಅಂದಳು. ಅವನು ಬಹಳ ಹೊತ್ತು ಪೆಟ್ಟಿಗೆಯ ಕೊಂಡಿಯ ಜೊತೆ ಹೆಣಗಿದ, ನಾ ನಿನಗ ಕೊಡೂದು ಒಂದ ಬಾಕಿ ಇತ್ತಲ್ಲ, ಮುಗೀತ ಬಿಡು ಇಲ್ಲಿಗಿ, ಅಂದು ಹೊರಟೇಹೋದ. ಮುಗಿಯಿತಂತೆ, ಯಾರು ಇವನು ಮುಗಿಸಲಿಕ್ಕೆ, ನಿಪ್ಪಾಣಿಯ ಬಸ್ಸಿನಲ್ಲಿ ಗಿಟಾರನ್ನು ಮಡಿಲಲ್ಲಿ ಅವಚಿಕೊಂಡು ಕೂತ ನಾಜಿಮಾಗೆ ಹಲ್ಲು ಕಚ್ಚುವ ಸಿಟ್ಟು, ಏಳು ತಿಂಗಳು ಸಾಣೆ ಹಿಡಿದ ಕತ್ತಿಯ ಮುಂದೆ ತಾನಾಗಿಯೇ ಕುತ್ತಿಗೆ ಚಾಚಿ ದೊಡ್ಡವನಾಗಿಬಿಟ್ಟ, ಮಂದಿಯ ಕಣ್ಣಿಗೆ ಒಳ್ಳೆಯವನು, ಅವಳ ಸೇಡನ್ನೂ ಕಸಿದುಕೊಂಡ, ಸಿಟ್ಟು ಉಳಿಯಲಿ, ಕರೋಶಿ ಊರು ಹಿಂದೆ ಹೋಯಿತು, ಕಬ್ಬಿನ ಟ್ರಾಕ್ಟರು ಹೋಯಿತು, ಕಿಟಕಿಯ ಕಬ್ಬಿಣದ ಸರಳಿನ ಮೇಲೆ ಬಿಸಿಲು, ಇನ್ನೊಂದು ಸಲ ಇನ್ನೊಂದು ವೇದಿಕೆ ಸಿಕ್ಕರೆ ಏನು ಮಾಡಬೇಕು, ಏನು ಮಾಡಬೇಕೆಂದರೆ — ಮುಂದೆ ಯೋಚಿಸಲಿಕ್ಕೆ ಹೋದರೆ ಕಣ್ಣಿಗೆ ಬರುವುದು ಆ ಕಮಾನು, ಗಾಳಿಯಲ್ಲಿ ನಿಂತ ಕಮಾನು, ಬೇರೆ ಏನಾದರೂ ನೆನೆಯಬೇಕು, ಅಮ್ಮಿ ಕೇಳುತ್ತಾಳೆ, ಹ್ಯಾಂಗಾತು ಬೇಟಿ ಅನ್ನುತ್ತಾಳೆ, ಆಗ ಹೇಳಬೇಕಾದ್ದು, ಚಲೋ ಆತು ಅಮ್ಮಿ, ಅವನು ಎಲ್ಲರ ಮುಂದೆ — ಎಲ್ಲರ ಮುಂದೆ ಕಮಾನು ಮೇಲೆ ನಿಂತಿದೆ, ಇಳಿಯುವುದಿಲ್ಲ, ಕಿತ್ತ ಎಳೆ, ಬಿಳಿಯದು, ಅವನ ಉಸಿರಿಗೆ ಅಲುಗುತ್ತಿದೆ, ಕಮಾನು ಮೇಲೆ, ಎಳೆ ಕೆಳಗೆ, ಅಲುಗುತ್ತಿದೆ