ಹಿರಿಯೂರಿನ ಬಾಯಿ, ಹೊಸದುರ್ಗದ ಟಗರು

ಭೂಮಂಡಲದಲ್ಲಿ ವಾಕ್ ಸ್ವಾತಂತ್ರ್ಯ ಎಂಬುದೊಂದು ಉಳಿದಿದ್ದರೆ ಅದು ಹಿರಿಯೂರಿನಲ್ಲಿ, ನನ್ನ ಮೊಬೈಲ್ ರಿಪೇರಿ ಅಂಗಡಿಯ ಅಟ್ಟದ ಮೇಲಿನ ಹಳೇ ಕಂಪ್ಯೂಟರಿನಲ್ಲಿ. ಒಡೆಯನೇ ಇಲ್ಲದ ಜಾಲವೊಂದು ಬಂದಿದೆ ಎಂದು ಜಿಲ್ಲೆಯಲ್ಲಿ ಮೊದಲು ಕಂಡುಹಿಡಿದವನು ನಾನೇ. ಅದರಲ್ಲಿ ಊರಿಗೊಂದು ಸರ್ವರ್. ಒಂದರಲ್ಲಿ ಬರೆದದ್ದು ಉಳಿದವಕ್ಕೂ ಹರಿಯುತ್ತದೆ. ಬೇಡವಾದರೆ ಒಂದು ಸರ್ವರ್ ಇನ್ನೊಂದರ ಮುಖಕ್ಕೆ ಬಾಗಿಲು ಹಾಕಬಹುದು. ಹೊಸದುರ್ಗದ್ದು ನಾಗಭೂಷಣನದು, ಹೊಳಲ್ಕೆರೆಯದು ಮಮತಾಳದು. ಅವರಿಬ್ಬರೂ ಗೋಡೆ ತುಂಬ ರೂಲ್ಸು ಅಂಟಿಸಿದ್ದರು. ನನ್ನದರಲ್ಲಿ ಒಂದೇ ಸಾಲು: ‘ಇಲ್ಲಿ ಯಾರ ಮಾತನ್ನೂ ಅಳಿಸುವುದಿಲ್ಲ.’ ಅದನ್ನು ಓದಿ ಚಿತ್ರದುರ್ಗದ ಕೋಟೆಯ ಕಲ್ಲುಗಳು ಎದ್ದು ನಿಂತು ಚಪ್ಪಾಳೆ ತಟ್ಟಿದವು ಅಂದರೆ ನೀವು ನಂಬಬೇಕು.

ಆ ಸ್ವಾತಂತ್ರ್ಯವನ್ನು ನಾನು ಬಳಸಿದ್ದು ನಾಗಭೂಷಣನ ಮೀಸೆಯ ಮೇಲೆ. ಬಸ್ ಸ್ಟ್ಯಾಂಡ್ ಗುಡಿಸಿ ಸವೆದ ಪೊರಕೆಯನ್ನು ಮೂಗಿನ ಕೆಳಗೆ ಅಂಟಿಸಿಕೊಂಡಿದ್ದಾನೆ ಎಂದು ದಿನಾ ಬೆಳಿಗ್ಗೆ ಬರೆದೆ. ಅವನು ಬಾಗಿಲು ಹಾಕಿಯೇಬಿಟ್ಟ. ನನ್ನೊಬ್ಬನಿಗಲ್ಲ, ನನ್ನ ಸರ್ವರಿನಲ್ಲಿದ್ದ ಅಷ್ಟೂ ಜನಕ್ಕೆ. ಒಂದು ತಾಲ್ಲೂಕೇ ನನಗೆ ಹೆದರಿತು ಎಂದು ಅಂಗಡಿ ಮುಂದೆ ಮೈಸೂರುಪಾಕು ಹಂಚಿದೆ.

ಅಷ್ಟರಲ್ಲಿ ಬಂದಳು ಜವನಗೊಂಡನಹಳ್ಳಿಯಲ್ಲಿ ಕುರಿ ಸಾಕುವ ಈರಕ್ಕ. ಮಾರಿಕಣಿವೆ ಹಿನ್ನೀರಿನ ದಂಡೆಯಲ್ಲಿ ಅವಳ ಮಂದೆಗೆ ಹೊಸದುರ್ಗದ ಕಡೆಯ ಯಾವುದೋ ಮಂದೆ ಬೆರೆತು, ಅವಳ ಮುಂದಾಳು ಟಗರು ಅದರ ಜೊತೆ ಹೋಗಿಬಿಟ್ಟಿತ್ತು. ಅದು ಮುಂದೆ ನಡೆಯದೆ, ಉಳಿದ ಕುರಿಗಳು ದೊಡ್ಡಿ ಬಿಟ್ಟು ಕದಲುತ್ತಿರಲಿಲ್ಲ. ಆ ಮಂದೆ ಯಾರದು, ಈಗ ಯಾವ ಹೊಲದಲ್ಲಿದೆ, ಒಂದೂ ಗೊತ್ತಿಲ್ಲ. ಕಳೆದ ಟಗರಿಗೆ ಕುರಿಗಾರರಲ್ಲಿ ಸಾಕ್ಷಿ ಒಂದೇ: ಒಡತಿ ಕೂಗಬೇಕು, ಅದು ಮಂದೆ ಸೀಳಿಕೊಂಡು ಬರಬೇಕು. ಈರಕ್ಕ ತನ್ನ ಕೂಗನ್ನು ಫೋನಿನಲ್ಲಿ ಹಿಡಿದು ನನ್ನ ಸರ್ವರಿಗೆ ಹಾಕಿದ್ದಳು. ಆ ಕೂಗಿಗೆ ನನ್ನ ಅಂಗಡಿಯ ಗಾಜು ಬಿರುಕುಬಿಟ್ಟಿತು. ಹೊಸದುರ್ಗಕ್ಕೆ ಮಾತ್ರ ಮುಟ್ಟಲಿಲ್ಲ.

“ಅಲ್ಲಪ್ಪ ಹನುಮೇಶ, ಹೊಸದುರ್ಗದಾಗೆ ಒಬ್ರೂ ಕೇಳಿಲ್ಲವಂತಲ್ಲ?”

“ಅವ್ರು ಬಾಗ್ಲು ಹಾಕ್ಯಂಡವ್ರೆ ಈರಕ್ಕ. ನನ್ನ ಮಾತಿಗೆ ಹೆದ್ರಿ.”

“ನಿನ್ನ ಮಾತಿಗೆ ಹೆದ್ರಿದ್ರೆ ನನ್ನ ಟಗರಿಗೆ ಯಾಕಲೇ ಬಾಗ್ಲು? ಆ ಮೀಸೆ ಮಾತು ಅಳಿಸಾಕು.”

“ಪ್ರಾಣ ಬೇಕಾದ್ರೆ ಕೇಳು. ಇಲ್ಲಿ ಯಾರ ಮಾತೂ ಅಳ್ಸಂಗಿಲ್ಲ. ಅದು ತತ್ವ!”

“ನಿನ್ನ ಪ್ರಾಣ ತಗಂಡು ನನ್ನ ಕುರಿ ಮುಂದೆ ನಡಸಕಾಯ್ತದೇನು?”

ಅಂದವಳೇ ಅಂಗಡಿಯ ಬೆಂಚಿನ ಮೇಲೆ ಕೂತು, ನನ್ನ ಸರ್ವರಿನಲ್ಲೇ ಬರೆದಳು: ‘ನನ್ನ ಟಗರು ಹೊಸದುರ್ಗದಾಗೆ ಸಿಕ್ಕಂಡೈತೆ. ಹನುಮೇಶನ ಬಾಯಿ ಅಡ್ಡ ಕುಂತೈತೆ.’ ಟೀ ಆರುವಷ್ಟರಲ್ಲಿ ಊರೆಲ್ಲ ಅದನ್ನೇ ಹಂಚತೊಡಗಿತು. ನಾನು ಅದನ್ನು ತೆಗೆದುಹಾಕಿದೆ. ಅಳಿಸಿದೆ ಅನ್ನಬೇಡಿ, ಧೂಳು ಕೊಡವಿದೆ. ತತ್ವಕ್ಕೆ ಧೂಳು ಹಿಡಿಯಬಾರದಲ್ಲ!

ಈ ಜಾಲಕ್ಕೆ ಒಂದು ಕೆಟ್ಟ ಗುಣವಿದೆ. ಯಾರು ಬೇಕಾದರೂ ತಮ್ಮ ಖಾತೆಯನ್ನು ಗಂಟು ಕಟ್ಟಿಕೊಂಡು ಇನ್ನೊಂದು ಸರ್ವರಿಗೆ ಹೋಗಬಹುದು. ಈರಕ್ಕ ಹೊಳಲ್ಕೆರೆಯ ಮಮತಾಳ ಸರ್ವರಿಗೆ ಹೊರಟಳು. ಹಿಂದೆಯೇ ಜವನಗೊಂಡನಹಳ್ಳಿ ಹೊರಟಿತು, ಹಿರಿಯೂರು ಹೊರಟಿತು, ನನ್ನ ಹೆಂಡತಿ ಮಂಗಳಾ ಕೂಡ ಹೊರಟಳು. ಉಳಿದದ್ದು ನಾನು, ಮತ್ತು ಗಂಟೆಗೊಮ್ಮೆ ತನ್ನಷ್ಟಕ್ಕೆ ತಾನೇ ಬರೆದುಕೊಳ್ಳುವ ಹವಾಮಾನ ವರದಿ.

ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವೆ ಬಾಗಿಲು ತೆರೆದೇ ಇತ್ತು. ಈರಕ್ಕ ಅಲ್ಲಿಂದ ಮತ್ತೆ ಹಾಕಿದ ಕೂಗು ಮುಟ್ಟಿತು. ನಾಗಭೂಷಣ ಅದನ್ನು ಎಲ್ಲರಿಗೂ ಮೊದಲು ಕಾಣುವ ಹಾಗೆ ಮೇಲೆ ಅಂಟಿಸಿದ. ಹಾಲುರಾಮೇಶ್ವರದ ಹತ್ತಿರ ಮಂದೆ ನಿಲ್ಲಿಸಿದ್ದ ಓಬಣ್ಣ ಎಂಬಾತ ನೋಡಿ, ಫೋನನ್ನು ಮೇಲೆತ್ತಿ ಕೂಗಿಸಿದನಂತೆ. ಟಗರು ಹತ್ತಾನೆ ಬಲದಲ್ಲಿ ಮಂದೆ ಸೀಳಿಕೊಂಡು ಬಂದು ಫೋನನ್ನೇ ಮೂಸಿತಂತೆ. ಮಾರನೇ ದಿನ ಗೂಡ್ಸ್ ಆಟೋದಲ್ಲಿ ಅದು ಜವನಗೊಂಡನಹಳ್ಳಿಗೆ ಬಂದಿಳಿಯಿತು. ಈರಕ್ಕನ ಕುರಿಗಳು ಅದರ ಹಿಂದೆ ಮೇಯಲು ಹೊರಟವು.

ಅವು ಹೊರಟದ್ದನ್ನು ಈರಕ್ಕ ವಿಡಿಯೋ ಮಾಡಿ ಹಾಕಿದ್ದಳು. ಅದನ್ನು ನೋಡಲೆಂದೇ, ಬರೀ ಉಸ್ತುವಾರಿಗಾಗಿ, ನಾನೂ ಹೊಳಲ್ಕೆರೆಯಲ್ಲಿ ಒಂದು ಖಾತೆ ತೆರೆದೆ. ಅದರ ಕೆಳಗೆ ಬರೆದೆ: ‘ನಾನು ಅವಳ ಮಾತು ತೆಗೆಯದಿದ್ದರೆ ಈರಕ್ಕ ಇಲ್ಲಿಗೆ ಬರುತ್ತಿದ್ದಳೇ? ಟಗರು ಸಿಕ್ಕಿದ್ದು ನನ್ನಿಂದ.’

ಮಮತಾ ಎಲ್ಲರೆದುರೇ ಕೇಳಿದಳು: “ಈರಕ್ಕ, ಇದನ್ನ ತೆಗೆದು ಹಾಕ್ಲಾ?”

ಈರಕ್ಕ ಫೋನಿನಲ್ಲಿ ಹಿಡಿದು ಹಾಕಿದ ದನಿ ಬಂತು: “ಬ್ಯಾಡ ಬಿಡವ್ವ, ಇರ್ಲಿ. ಕುರಿ ಕಾಯ್ತಾ ಕುಂತಾಗ ನಗಾಡಕೆ ಏನಾರ ಬೇಕಲ್ಲ.”