ನಾಲ್ಕು ನಿಮಿಷದ ವೈರ್

ನಮ್ಮಣ್ಣನ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ಜನ: ಕೆಲಸ ಮಾಡುವವರು ಮತ್ತು ಲೆಕ್ಕ ಹಾಕುತ್ತಾ ಕೂರುವವರು. ಅವನು ವೆಲ್ಡರ್, ನಾನು ವೈರ್‌ಮನ್. ನಾನು ಯಾವ ಬಗೆ ಎಂದು ಬೇರೆ ಹೇಳಬೇಕಿಲ್ಲ.

ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅವನು ಹಳೆಯ ವೆಲ್ಡಿಂಗ್ ಮಷೀನೊಂದನ್ನು ಮನೆಗೆ ತಂದ. ಹಿತ್ತಲಿನ ಶೆಡ್ಡಿನಲ್ಲಿ ಗೇಟು, ಗ್ರಿಲ್ಲು ಮಾಡಿಕೊಂಡು ಬದುಕುತ್ತೇನೆ ಎಂದ. ಮೀಟರ್ ಇದ್ದದ್ದು ಮುಂಬಾಗಿಲ ಪಕ್ಕ, ಅಲ್ಲಿಂದ ಶೆಡ್ಡಿಗೆ ಎಪ್ಪತ್ತು ಅಡಿ. ಟೇಪು ಹಿಡಿದು ಅಳೆದೆ. ಮಷೀನಿನ ಬೆನ್ನಿಗೆ ಹೊಡೆದಿದ್ದ ತಗಡಿನ ಮೇಲಿನ ಅಂಕಿ ಓದಿದೆ. ಮೂವತ್ತಾರು ಆಂಪ್ಸ್.

"ಹತ್ತು ಎಂಎಂ ತಾಮ್ರದ ವೈರ್ ಬೇಕು. ಗೋಡೆಯೊಳಗಿನ ಪೈಪು ಸಣ್ಣದು, ಅದರಲ್ಲಿ ಹೋಗಲ್ಲ. ಹಾಲ್ ಗೋಡೆ ಒಡೀಬೇಕು" ಎಂದೆ.

ಅತ್ತಿಗೆ ಆಗಷ್ಟೇ ಹಾಲಿಗೆ ಬಣ್ಣ ಹೊಡೆಸಿದ್ದರು. ಅವರ ಮುಖ ನೋಡಿ ಅಣ್ಣ ನಕ್ಕ.

"ನೋಡಿದ್ಯಾ? ಒಂದು ಬಲ್ಬು ಹಾಕು ಅಂದ್ರೂ ಇವನಿಗೆ ಮನೆ ಒಡೀಬೇಕು. ಪುಕ್ಕಲ. ಚಿಕ್ಕವನಿದ್ದಾಗಿಂದ್ಲೂ ಹೀಗೇ."

ನನ್ನ ಪಿತ್ತ ನೆತ್ತಿಗೇರಿತು. ಸರಿ, ಒಡೆಯದೆಯೇ ತೋರಿಸುತ್ತೇನೆ ಎಂದು ಮತ್ತೆ ಲೆಕ್ಕಕ್ಕೆ ಕೂತೆ. ಅದೇ ತಗಡಿನ ಮೇಲೆ ಇನ್ನೊಂದು ಮಾತೂ ಇತ್ತು: ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಕೆಲಸ, ಆರು ನಿಮಿಷ ವಿಶ್ರಾಂತಿ. ಮಷೀನು ತಣ್ಣಗಾಗುವಾಗ ವೈರೂ ತಣ್ಣಗಾಗುತ್ತದೆ, ಹಾಗಾಗಿ ಸಣ್ಣ ವೈರ್ ಸಾಕು. ಇದು ಪುಸ್ತಕವೂ ಒಪ್ಪುವ ಲೆಕ್ಕ. ಮೂವತ್ತಾರು ಆಂಪ್ಸ್ ಇಪ್ಪತ್ತಮೂರಾಯಿತು, ಹತ್ತು ಎಂಎಂ ನಾಲ್ಕಾಯಿತು. ನಾಲ್ಕು ಎಂಎಂ ಆ ಪೈಪಿನಲ್ಲಿ ಸಲೀಸಾಗಿ ಹೋಯಿತು. ಕಿಡಿ ಹೊತ್ತಿದಾಗಲೆಲ್ಲ ಟ್ರಿಪ್ ಆಗದಿರಲಿ ಎಂದು ನಲವತ್ತು ಆಂಪ್ಸಿನ ಎಂಸಿಬಿ ಹಾಕಿದೆ. ಅಂದರೆ ವೈರ್ ಒಳಗೇ ಬೆಂದರೂ ಅದು ಬಿದ್ದು ಕರೆಂಟು ಕಡಿಯುವುದಿಲ್ಲ. ನನಗದು ಗೊತ್ತಿತ್ತು.

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಆರು ನಿಮಿಷ ಸುಮ್ಮನಿರಬೇಕಾದವನು ನಮ್ಮಣ್ಣ. ಉಣ್ಣಲು ಕೂತರೂ ಕಾಲು ಅಲ್ಲಾಡಿಸುವ ಆಸಾಮಿ. ಸುಮ್ಮನೆ ಕೂತವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಅವನ ಜೊತೆಯಲ್ಲೇ ಬೆಳೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ನಮ್ಮ ಕಸುಬಿನವರಿಗೆ ಒಂದು ಅಭ್ಯಾಸವಿದೆ. ಕೆಲಸ ಮುಗಿದ ಮೇಲೆ ಬೋರ್ಡಿನ ಮುಚ್ಚಳದ ಒಳಮೈ ಮೇಲೆ ಎಳೆದ ವೈರಿನ ಅಳತೆ ಬರೆದು, ತಾರೀಕು ಹಾಕಿ, ಸಹಿ ಮಾಡುತ್ತೇವೆ. ನಾನು ಬರೆದೆ: "4 ಎಂಎಂ. ವೆಲ್ಡಿಂಗ್ ಮಷೀನಿಗೆ ಮಾತ್ರ. ಬೇರೇನೂ ಹಾಕಬಾರದು." ಆರು ನಿಮಿಷದ ಸಂಗತಿ ಬರೆಯಲಿಲ್ಲ, ಬಾಯಿಬಿಟ್ಟು ಹೇಳಲೂ ಇಲ್ಲ. ಹೇಳಿದ್ದರೆ, ಕೆಲಸ ಮಾಡಬೇಡ ಅಂತ ವೈರ್ ಎಳೆದಿದಾನೆ ನೋಡಿ ಎಂದು ಊರೆಲ್ಲ ಸಾರಿಕೊಂಡು ಬರುತ್ತಿದ್ದ.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಅತ್ತ ಹೋದೆ. ಗೇಟು ಮಾಡಿಸಲು ಬಂದ ಇಬ್ಬರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಅಣ್ಣ ಮಷೀನಿನ ಪಕ್ಕದ ತಗಡು ಬಿಚ್ಚಿ, ಒಳಗೆ ಗಾಳಿ ನುಗ್ಗುವಂತೆ ಟೇಬಲ್ ಫ್ಯಾನ್ ಇಟ್ಟಿದ್ದ. ಅದರ ಪ್ಲಗ್ಗನ್ನೂ ನನ್ನ ಬೋರ್ಡಿಗೇ ಚುಚ್ಚಿದ್ದ.

"ಈಗ ಬಿಸಿನೇ ಆಗಲ್ಲ ನೋಡು. ಬೆಳಗ್ಗೆಯಿಂದ ನಿಲ್ಲಿಸಿಲ್ಲ" ಎಂದ. ಆಮೇಲೆ ಆ ಇಬ್ಬರ ಕಡೆ ತಿರುಗಿ, "ನನ್ನ ತಮ್ಮ. ಮಹಾ ಪುಕ್ಕಲ. ಈ ಮಷೀನಿಗೋಸ್ಕರ ಮನೇನೇ ಒಡೆಸೋಕೆ ಹೊರಟಿದ್ದ!"

ಅವರು ಹಲ್ಲು ಕಿರಿದರು. ನಾನು ಗೋಡೆಗೆ ಒರಗುವವನಂತೆ, ಶೆಡ್ಡಿನಲ್ಲಿ ಗೋಡೆಯ ಹೊರಗೇ ಹಾದಿದ್ದ ಪೈಪಿನ ಮೇಲೆ ಕೈಯಿಟ್ಟೆ. ಹೆಚ್ಚು ಹೊತ್ತು ಇಡಲಾಗಲಿಲ್ಲ. ಆಗಲೇ ಹೇಳಬಹುದಿತ್ತು. "ಅಣ್ಣಾ, ನಿಲ್ಲಿಸು" ಎನ್ನುವ ಎರಡು ಮಾತು. ಒಂದು ಸಲ ಸುಡಲಿ, ಆಗ ಬುದ್ಧಿ ಬರುತ್ತೆ ಎಂದುಕೊಂಡೆ. ಹೌದು, ಹಾಗೆಯೇ ಎಂದುಕೊಂಡೆ. ಅತ್ತಿಗೆ ಕೊಟ್ಟ ಕಾಫಿ ಕುಡಿದು ಮನೆಗೆ ಬಂದೆ.

ಹದಿನೈದು ದಿನಕ್ಕೆ ಶೆಡ್ಡಿನೊಳಗೆ ಆ ಪೈಪಿನ ತಿರುವಿನಲ್ಲಿ ಬೆಂಕಿ ಹತ್ತಿತು. ಮೇಲೆ ಅಟ್ಟದಲ್ಲಿ ಹಳೆ ಹಾಸಿಗೆಗಳಿದ್ದವು. ಅಣ್ಣ ಓಡಿಹೋಗಿದ್ದರೆ ಏನೂ ಆಗುತ್ತಿರಲಿಲ್ಲ, ಆದರೆ ಮಷೀನು ಉಳಿಸಲು ಹೋದ. ಕರಗಿದ ಪೈಪು ಬಲಗೈ ಮೇಲೆ ಸುರಿಯಿತು. ಗಾಯ ಮಾಯಿತು, ಆದರೆ ಮೂರು ಬೆರಳು ಮಡಚುವುದಿಲ್ಲ. ವೆಲ್ಡಿಂಗ್ ರಾಡು ಹಿಡಿಯುವುದಿರಲಿ, ಅಂಗಿಯ ಗುಂಡಿಯನ್ನೂ ಅತ್ತಿಗೆಯೇ ಹಾಕಬೇಕು.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಅವನು ನನ್ನನ್ನು ಶೆಡ್ಡಿಗೆ ಕರೆದ. ಅತ್ತಿಗೆಯೂ ಬಂದರು. ಮಸಿ ಹಿಡಿದ ಗೋಡೆಯ ಮೇಲೆ ಬೋರ್ಡು ಮಾತ್ರ ಅರ್ಧ ಉಳಿದಿತ್ತು. ಇವತ್ತು ಎಲ್ಲ ಹೊರಗೆ ಬೀಳುತ್ತದೆ ಎಂದುಕೊಂಡೆ. ಅವನು ಎಡಗೈಯಿಂದ ಮುಚ್ಚಳ ತೆಗೆದು, ನಾನು ಬರೆದದ್ದನ್ನು ನಿಧಾನವಾಗಿ ಓದಿದ.

"ಬೇರೇನೂ ಹಾಕಬಾರದು ಅಂತ ನೀನು ಬರೆದೇ ಇಟ್ಟಿದ್ದೆ. ನಾನು ಫ್ಯಾನ್ ಹಾಕ್ಬಿಟ್ಟೆ ಕಣೋ" ಎಂದ.

ಅತ್ತಿಗೆ ಸಿಡಿದುಬಿದ್ದರು. "ಅವನು ಬಡ್ಕೊಂಡ್ರೂ ಕೇಳಿದ್ರಾ ನೀವು? ಪುಕ್ಕಲ ಅಂದ್ರಿ!"

ನಾನು ಬಡಿದುಕೊಂಡಿರಲಿಲ್ಲ. ಆ ಫ್ಯಾನು ಅರ್ಧ ಆಂಪ್ಸೂ ಎಳೆಯುವುದಿಲ್ಲ. ಅಂಥ ಹತ್ತು ಫ್ಯಾನು ಹಾಕಿದ್ದರೂ ವೈರಿಗೆ ಏನೂ ಆಗುತ್ತಿರಲಿಲ್ಲ. ಸುಟ್ಟದ್ದು ಅವನು ಬಿಡದೆ ಮಾಡಿದ ಕೆಲಸ, ನಾನು ನುಂಗಿಕೊಂಡ ಆರು ನಿಮಿಷ. ಅದು ಗೊತ್ತಿದ್ದವನು ಆ ಶೆಡ್ಡಿನಲ್ಲಿ ನಾನೊಬ್ಬನೇ.

"ತಪ್ಪಾಯ್ತು ಕಣೋ" ಎಂದು ಅಣ್ಣ ನನ್ನ ಮುಖ ನೋಡಿದ. ಹುಟ್ಟಿದಾಗಿನಿಂದ ಅವನು ನನ್ನ ಹತ್ತಿರ ಆ ಮಾತು ಆಡಿದ್ದೇ ಇಲ್ಲ.

"ಹೋಗಲಿ ಬಿಡು" ಎಂದೆ.

ಈಗ ಅವನು ದಿನವಿಡೀ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಕಾಲೂ ಅಲ್ಲಾಡಿಸುವುದಿಲ್ಲ. ಯಾರೇ ಬಂದರೂ ಅದೇ ಕತೆ: ತಮ್ಮ ಬರೆದಿಟ್ಟಿದ್ದ, ನಾನೇ ಕೇಳಲಿಲ್ಲ. ನಾನೂ ಪಕ್ಕದಲ್ಲೇ ಕೂತಿರುತ್ತೇನೆ. "ಹೌದೇನೋ?" ಎಂದು ನನ್ನ ಕಡೆ ತಿರುಗುತ್ತಾನೆ.

ಹೌದು ಎನ್ನುತ್ತೇನೆ.