ಗೈರುಹಾಜರಿಗೆ ಸಿಕ್ಕ ಅಂಕ

ಶಾಲೆಯಿಂದ ಒಬ್ಬಳನ್ನು ಮಾತ್ರ ಕಳಿಸಬೇಕಾಗಿತ್ತು. ಆಯ್ಕೆಯಾದವಳಿಗೆ ದೊಡ್ಡ ಶಾಲೆಯಲ್ಲಿ ಓದು, ಊಟ, ಹಾಸ್ಟೆಲು ಎಲ್ಲ ಪುಕ್ಕಟೆ. ಪ್ರತಿ ವರ್ಷ ಮೇಷ್ಟ್ರುಗಳು ಕೂತು ಬಾಯಿಮಾತಿನಲ್ಲೇ ಆರಿಸುತ್ತಿದ್ದರು. ಯಾರ ಗಂಟಲು ದೊಡ್ಡದೋ ಅವರು ಹೇಳಿದವಳು ಹೋಗುತ್ತಿದ್ದಳು. ಈ ಸಲ ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಲೆಕ್ಕವೇ ಹೇಳಲಿ ಎಂದು ಹೆಡ್‌ಮಿಸ್ಸು ಕೆಲಸವನ್ನು ಗಣಿತದ ಟೀಚರಿಗೆ ಒಪ್ಪಿಸಿದರು.

ಟೀಚರು ಎರಡು ದಾರಿ ಹಿಡಿದರು. ಮೊದಲನೆಯದು ಸುಲಭದ್ದು. ಓದು, ಆಟ, ನಡತೆ, ಹಾಜರಿ, ಒಂದೊಂದಕ್ಕೂ ಇಷ್ಟಿಷ್ಟು ತೂಕವೆಂದು ಇಟ್ಟು ಕೂಡುವುದು. ಅದರಲ್ಲಿ ಕಾಂಪೌಂಡರ್ ಮಗಳು ಮೇಲೆ ಬಂದಳು. ಎರಡನೆಯದರಲ್ಲಿ ಪ್ರತಿಯೊಂದರಲ್ಲೂ ಅತ್ಯುತ್ತಮವಾದದ್ದನ್ನು ಆಯ್ದು ಸೇರಿಸಿ, ಎಲ್ಲೂ ಇಲ್ಲದ ಒಬ್ಬ ಹುಡುಗಿಯನ್ನು ಕಲ್ಪಿಸಿ, ಅವಳಿಗೆ ಯಾರು ಹತ್ತಿರವೆಂದು ನೋಡುವುದು. ಅದರಲ್ಲಿ ಮೆಕ್ಯಾನಿಕ್ ಮಗಳು ಬಂದಳು. ಅವಳ ತಾಯಿ ಹಾಸಿಗೆ ಹಿಡಿದು ಈಚೆಗೆ ತೀರಿಕೊಂಡಿದ್ದಳು. ಈ ಸೀಟು ಸಿಗದಿದ್ದರೆ ಹುಡುಗಿಗೆ ಚಿಕ್ಕಮ್ಮನ ಹೊಲಿಗೆ ಅಂಗಡಿಯೇ ಗತಿ ಎಂಬುದು ಎಲ್ಲರಿಗೂ ಗೊತ್ತಿತ್ತು.

ದೇವರ ವಿಳಾಸ ಹುಡುಕಿ, ಆ ಬೀದಿಯಲ್ಲಿ ಯಾರು ಬಾಡಿಗೆಗಿದ್ದಾರೆ ಅಂತ ನೋಡಿದ ಹಾಗಾಯ್ತು ಎಂದು ಆಟದ ಮೇಷ್ಟ್ರು ನಕ್ಕರು. ಆದರೂ ಎಲ್ಲರೂ ಎರಡನೆಯದನ್ನೇ ಒಪ್ಪಿದರು. ಹೆಡ್‌ಮಿಸ್ಸು ಆಗಲೇ ಮೆಕ್ಯಾನಿಕ್ ಮಗಳನ್ನು ಕರೆದು ಸೀಟು ನಿನಗೇ ಎಂದು ಹೇಳಿಬಿಟ್ಟರು.

ಮಾರನೆಯ ದಿನ ಟೀಚರು ಲೆಕ್ಕವನ್ನು ಮತ್ತೆ ನೋಡಿದರು. ಮೊದಲ ದಾರಿಗೆ ಶಾಲೆಗೆ ಬಂದ ದಿನಗಳನ್ನು ಹಿಡಿದಿದ್ದರು, ಎರಡನೆಯದಕ್ಕೆ ಬಾರದ ದಿನಗಳನ್ನು. ಓದಿನ ಅಂಕದ ಹಾಗೆ ಅದೂ ಹೆಚ್ಚಿದ್ದಷ್ಟು ಒಳ್ಳೆಯದೆಂದು ಲೆಕ್ಕ ಹಾಕಿದ್ದರು. ಎಲ್ಲೂ ಇಲ್ಲದ ಆ ಹುಡುಗಿ ಎಲ್ಲರಿಗಿಂತ ಹೆಚ್ಚು ರಜೆ ಹಾಕಿದವಳಾಗಿದ್ದಳು. ತಿದ್ದಿದ ಮೇಲೆ ಎರಡು ದಾರಿಯೂ ಕಾಂಪೌಂಡರ್ ಮನೆಯನ್ನೇ ತೋರಿಸಿದವು.

ಟೀಚರಿಗೆ ಅಳುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಪದ್ಯ ಹೇಳುತ್ತ ಹೇಳುತ್ತ ಮುಂದಿನ ಸಾಲು ಮರೆತವರ ಹಾಗೆ ಕೂತಿದ್ದು, ಆಮೇಲೆ ಎದ್ದು ಹೋಗಿ ಹೆಡ್‌ಮಿಸ್ಸಿಗೆ ತಿಳಿಸಿದರು. ಅವರು ಕನ್ನಡಕ ತೆಗೆದು ಒರೆಸಿದರು. ತಪ್ಪನ್ನು ಹಾಗೇ ಬಿಟ್ಟರೆ ಇನ್ನೊಂದು ಮಗುವಿನ ತುತ್ತು ಕಿತ್ತ ಹಾಗೆ, ಹುಡುಗಿಗೆ ನೀವೇ ತಿಳಿಸಿ ಎಂದರು.

ಹುಡುಗಿ ನಲ್ಲಿಯ ಹತ್ತಿರ ಊಟದ ಡಬ್ಬಿ ತೊಳೆಯುತ್ತಿದ್ದಳು. ಟೀಚರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವಳು ನೀರು ನಿಲ್ಲಿಸಿ, ಡಬ್ಬಿಯನ್ನು ಬೋರಲು ಹಿಡಿದು ಕೊಡವಿದಳು.

"ಅಂದ್ರೆ ಟೀಚರ್, ಅಮ್ಮನ ಹತ್ರ ಕೂತಿದ್ದ ದಿನಗಳಿಗೆ ಅಂಕ ಬಂದಿತ್ತಾ?"

"ಬಂದಿತ್ತಮ್ಮ. ನನ್ನ ತಪ್ಪಿನಿಂದ."

"ಎಷ್ಟು?"

"ಎಲ್ಲರಿಗಿಂತ ಜಾಸ್ತಿ."

ಹುಡುಗಿ ತಲೆಯಾಡಿಸಿದಳು. ಮುಚ್ಚಳ ಸರಿಯಾಗಿ ಕೂರಲಿಲ್ಲ, ತೆಗೆದು ಮತ್ತೆ ಹಾಕಿದಳು. ಕಾಂಪೌಂಡರ್ ಮಗಳಿಗೆ ತಿಳಿಸಿದ್ದಾಯಿತೇ ಎಂದು ಕೇಳಿದಳು. ಇನ್ನೂ ಇಲ್ಲ ಎಂದರು ಟೀಚರು.

"ನಾನೇ ಹೇಳ್ತೀನಿ ಬಿಡಿ. ಇಬ್ರೂ ಒಂದೇ ಬೆಂಚು."

ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ತರಗತಿಯ ಕಡೆ ಹೋದಳು. ನಲ್ಲಿ ಆಗಲೇ ನಿಂತಿತ್ತು. ಟೀಚರು ಅದನ್ನು ಇನ್ನೊಮ್ಮೆ ಬಿಗಿಯಾಗಿ ತಿರುಗಿಸಿದರು.